ಎರಡು ಮಗ್ಗದ ಮನೆಗಳ ನಡುವಿನ ಗಂಟೆ

ಚಾಹ್‌ಗಜ್, ೧೬ ಮೆಹ್ರ್ ೧೩೮೬

ಖುದಾದಾದ್,

ನಿನ್ನೆ, ಮೆಹ್ರ್ ತಿಂಗಳ ಹದಿನೈದರಂದು, ವಲಯಾಧಿಕಾರಿಯ ಕಚೇರಿಯಿಂದ ಮೂವರು ನೀಲಿ ವ್ಯಾನಿನಲ್ಲಿ ಬಂದು ನಿನ್ನ ಐದೂ ಕಂಪನದ ಪೆಟ್ಟಿಗೆಗಳನ್ನು ನಮ್ಮ ಗೋಡೆಗಳಿಂದ ಕಿತ್ತುಕೊಂಡು ಹೋದರು. ರಸೀದಿ ಕೊಡಲಿಲ್ಲ. ಆದೇಶದ ಪ್ರತಿ ಕೇಳಿದೆ. ಆದೇಶ ಬಾಯಿಮಾತಿನದಂತೆ. ಮೊದಲು ಮೇಲಿನ ಮಗ್ಗದ ಮನೆ, ಆಮೇಲೆ ಕೆಳಗಿನದು, ಹೆಣ್ಣುಮಕ್ಕಳ ಶಾಲೆ, ಆರೋಗ್ಯ ಕೇಂದ್ರ, ಕೊನೆಗೆ ಬೀಗ ಹಾಕಿದ ನಿನ್ನ ಮನೆ. ಆರೋಗ್ಯ ಕೇಂದ್ರದಲ್ಲಿ ಸೂಲಗಿತ್ತಿ ತೂಬಾ ಬಾಗಿಲಿಗೆ ಅಡ್ಡ ನಿಂತಿದ್ದಳು. ಪೆಟ್ಟಿಗೆ ಎಳೆಯುತ್ತಿದ್ದವನಿಗೆ, "ಅದು ಗೋಡೆ ಮೇಲೆ ಸುಮ್ನೆ ಕೂತಿತ್ತು ಕಣಪ್ಪಾ, ನಿನ್ನಷ್ಟು ಗಲಾಟೆ ಯಾವತ್ತೂ ಮಾಡಿರಲಿಲ್ಲ" ಎಂದಳು. ರಂಜಾನ್ ಉಪವಾಸದ ಮಧ್ಯಾಹ್ನ, ಎಲ್ಲರ ನಾಲಿಗೆಯೂ ಒಣಗಿತ್ತು. ಆದರೂ ಓಣಿಯಲ್ಲಿದ್ದವರೆಲ್ಲ ನಕ್ಕರು. ವ್ಯಾನು ಹೋದ ಮೇಲೆ ಯಾರೂ ನಗಲಿಲ್ಲ.

ನೆಪ ನಿನಗೆ ಗೊತ್ತೇ ಇದೆ. ಹತ್ತನೇ ತಾರೀಕು ಐದೂ ಗಂಟೆಗಳು ಒಟ್ಟಿಗೆ ಬಾರಿಸಿದವು, ಊರು ಬೀದಿಗೆ ಬಂತು, ನೆಲ ಕದಲಲಿಲ್ಲ, ಶಾಲೆಯ ಮೆಟ್ಟಿಲಲ್ಲಿ ಬಿದ್ದ ಒಬ್ಬ ಹುಡುಗಿಯ ಮಣಿಕಟ್ಟು ಮುರಿಯಿತು. ಅದನ್ನು ಅವರು "ಜನರಲ್ಲಿ ಭೀತಿ ಹರಡುವ ಕೃತ್ಯ" ಎನ್ನುತ್ತಿದ್ದಾರೆ.

ನನಗೆ ಅರವತ್ತಾರು. ಭೂಕಂಪದಲ್ಲಿ ತಬಸ್ ಊರು ಮಣ್ಣಾದ ವರ್ಷ ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಸಿರ್ಚ್ ನೆನಪಿದೆ, ಜರಂದ್ ನೆನಪಿದೆ. ಬಮ್ ಊರಿನಲ್ಲಿ ನನ್ನ ಓರಗಿತ್ತಿಯನ್ನು ಹುಡುಕಿದ್ದು ಬರಿಗೈಯಿಂದ. ಪ್ರತಿ ಸಲವೂ ಕಚೇರಿಯವರು ಆದ ಮೇಲೆ ಬಂದರು, ಕಂಬಳಿ ತಂದರು. ಆಗುವ ಮೊದಲು ಏನನ್ನಾದರೂ ತಂದವನು ನನ್ನ ಬದುಕಿನಲ್ಲಿ ನೀನೊಬ್ಬನೇ. ಮುರುಕು ರೇಡಿಯೋಗಳನ್ನು ಬಿಚ್ಚಿ ನೀನು ಈ ಎಚ್ಚರಿಕೆಯ ಗಂಟೆಗಳನ್ನು ತಂದೆ.

ಅಂಥವನು ಇಂಥ ಹೊತ್ತಿನಲ್ಲಿ ಲೆಂಗೆ ಬಂದರಿಗೆ ವರ್ಗ ಮಾಡಿಸಿಕೊಂಡು "ಸಮುದ್ರದ ಗಾಳಿ ಬೇಕಿತ್ತು" ಎಂದರೆ ನಾನೇನು ತಿಳಿಯಲಿ? ಪ್ರತಿಭಟನೆಯ ಪತ್ರ ಬರೆ. ಫೋನು ಮಾಡಬೇಡ. ನಿಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಯಾರು ಕಿವಿಗೊಟ್ಟು ಕೂತಿರುತ್ತಾರೆಂದು ಅಲ್ಲಿನ ಇಂಜಿನಿಯರಾದ ನಿನಗೆ ನಾನು ಹೇಳಬೇಕಿಲ್ಲ.

ಫರಂಗೀಸ್ ಸಾಲಾರಿ


ಬಂದರ್ ಲೆಂಗೆ, ೨೯ ಮೆಹ್ರ್

ಗೌರವಾನ್ವಿತ ಫರಂಗೀಸ್ ಖಾನುಂ,

ನಿಮ್ಮ ಪತ್ರವೂ ಕುಲುಂಪೆ ಬಿಸ್ಕತ್ತಿನ ಡಬ್ಬಿಯೂ ಹಬ್ಬ ಮುಗಿದ ಮೇಲೆ ತಲುಪಿದವು. ಮುಚ್ಚಳ ತೆಗೆದ ಕೂಡಲೇ ಖರ್ಜೂರದ ಪರಿಮಳ ಕಚೇರಿಯ ತುಂಬ ಹರಡಿತು. ಸಹೋದ್ಯೋಗಿಗಳು ನನಗೆ ಎರಡೇ ಉಳಿಸಿದರು.

ಇಲ್ಲಿ ಬೆವರು ಆರುವುದಿಲ್ಲ. ಗೋಡೆಗಳೂ ಬೆವರುತ್ತವೆ. ತಾಮ್ರದ ತಂತಿ ಒಂದು ವಾರದಲ್ಲಿ ಹಸಿರಾಗುತ್ತದೆ. ಮೀನು ಬಹಳ ಚೆನ್ನಾಗಿದೆ.

ಪೆಟ್ಟಿಗೆಗಳ ವಿಷಯ ಬಿಟ್ಟುಬಿಡಿ. ಹತ್ತನೇ ತಾರೀಕಿನ ಗಂಟೆ ಸುಳ್ಳು ಗಂಟೆಯೇ. ತಪ್ಪು ಪೆಟ್ಟಿಗೆಯದು, ಎಂದರೆ ನನ್ನದು. ಆ ಹುಡುಗಿಯ ಮಣಿಕಟ್ಟಿಗೆ ನಾನು ಏನು ಉತ್ತರ ಕೊಡಲಿ? ಹಾಗೆಂದು ಅದು ಕೆಟ್ಟ ಯಂತ್ರವಲ್ಲ. ಅಷ್ಟು ಅಗ್ಗದಲ್ಲಿ ಅಷ್ಟು ಸೂಕ್ಷ್ಮವಾದದ್ದನ್ನು ಈ ಪ್ರಾಂತದಲ್ಲಿ ಇನ್ನೊಬ್ಬ ಮಾಡಿದ್ದರೆ ತೋರಿಸಲಿ, ನನ್ನ ಮೀಸೆ ಬೋಳಿಸುತ್ತೇನೆ. ಇಷ್ಟು ಹೇಳಿದ್ದು ಅಹಂಕಾರವಾದರೆ ಕ್ಷಮಿಸಿ.

ನಿಮ್ಮ ಮಂಡಿನೋವು ಹೇಗಿದೆ?

ಖುದಾದಾದ್


ಚಾಹ್‌ಗಜ್, ೧೦ ಆಬಾನ್

ಖುದಾದಾದ್,

ಮೀನು ಚೆನ್ನಾಗಿದೆಯೆಂದು ತಿಳಿದು ಸಂತೋಷ. ಇಲ್ಲಿ ನಾನು ವಲಯಾಧಿಕಾರಿಯ ಬಾಗಿಲಲ್ಲಿ ಮೂರನೇ ಸಲ ಕೂತು ಬಂದೆ. ಕೊನೆಗೆ ಒಳಗೆ ಬಿಟ್ಟರು. ನಿನ್ನ ಪೆಟ್ಟಿಗೆಗಳು ಅವನ ಬೆನ್ನ ಹಿಂದೆ ಗಾಜಿನ ಕಪಾಟಿನಲ್ಲಿವೆ. ಒಂದರ ಮೇಲೆ ಹೂದಾನಿ ಇಟ್ಟಿದ್ದಾರೆ.

ನಾಳೆ ಭೂಕಂಪ ಆಗುತ್ತದೆಂದು ಹೇಳುವ ಯಂತ್ರವೆಂದೇ ಅವನು ತಿಳಿದಿದ್ದಾನೆ. ಅದು ಭವಿಷ್ಯ ಹೇಳುವುದಿಲ್ಲ, ಎಲ್ಲೋ ದೂರದಲ್ಲಿ ನೆಲ ಆಗಲೇ ಕದಲಿದ ಮೇಲೆ ಹಗುರವಾದ ಮೊದಲ ತಟ್ಟು ಓಡಿ ಬರುತ್ತದೆ, ಗೋಡೆ ಬೀಳಿಸುವ ಭಾರಿ ಅಲೆ ಅದರ ಹಿಂದೆ ಬರುತ್ತದೆ, ಆ ನಡುವೆ ಸಿಗುವ ನಾಲ್ಕಾರು ಉಸಿರಿನ ಹೊತ್ತಿನಲ್ಲಿ ಗಂಟೆ ಬಾರಿಸುತ್ತದೆ ಎಂದು ಏಳನೇ ತರಗತಿಯವರಿಗೆ ಹೇಳುವ ಹಾಗೆ ಹೇಳಿದೆ. ಕೇಳಿಸಿಕೊಂಡ.

"ಖಾನುಂ, ಭೂಕಂಪದ ಸುದ್ದಿ ಕೊಡೋದು ಸರ್ಕಾರದ ಕೆಲಸ. ನಿಮ್ಮಂಥೋರು ಆರಾಮಾಗಿ ಮನೇಲಿ ಪುಸ್ತಕ ಓದ್ಕೊಂಡಿರಿ."

"ಓದಿದ್ದಕ್ಕೇ ಬಂದಿದೀನಿ. ಬಮ್ ಬಿದ್ದಾಗ ಆ ಕೆಲಸ ಯಾರ ಮೇಜಿನ ಮೇಲಿತ್ತು?"

ಅವನು ಚಹಾ ತರಿಸಿದ. ಮಾತು ಮುಗಿಯಿತು ಎಂದು ಅದರ ಅರ್ಥ.

ಮಣಿಕಟ್ಟಿನ ಹುಡುಗಿ ನನ್ನ ಪಕ್ಕದ ಓಣಿಯವಳೇ. ಪಟ್ಟಿ ಬಿಚ್ಚಿದ್ದಾರೆ. ಗಂಟೆ ಯಾವಾಗ ವಾಪಸ್ ಬರುತ್ತೆ ಎಂದು ಅವಳೇ ಕೇಳುತ್ತಾಳೆ. ನಿನಗಿಂತ ಅವಳಿಗೆ ಧೈರ್ಯ ಹೆಚ್ಚು.

ಇರಲಿ. ಪುಸ್ತಕ ಓದಿಕೊಂಡಿರು ಎಂದಿದ್ದಾನಲ್ಲ, ಓದುತ್ತಿದ್ದೇನೆ. ಸುಮ್ಮನೆ ತಿಳಿಯುವ ಆಸೆಗೆ ಕೇಳುತ್ತೇನೆ: ಸ್ಪೀಕರಿನ ಕಾಗದದ ಮೇಲೆ ನೀನು ಅಂಟಿಸುತ್ತಿದ್ದ ತೂಕ ಎಷ್ಟು ಭಾರದ್ದು? ಯಾವ ಅಂಟು?

ಫರಂಗೀಸ್


ಬಂದರ್ ಲೆಂಗೆ, ೨೧ ಆಬಾನ್

ಖಾನುಂ,

ಕೇಳಬಾರದ್ದನ್ನು ಕೇಳಿಬಿಟ್ಟಿರಿ. ಈ ವಿಷಯದಲ್ಲಿ ಬಾಯಿ ಮುಚ್ಚಿಸುವವರು ಇಲ್ಲಿ ಯಾರೂ ಇಲ್ಲ, ಹಾಗಾಗಿ ಪತ್ರ ಉದ್ದವಾಗುತ್ತದೆ.

ಹಳೆಯ ರೇಡಿಯೋದ ಸ್ಪೀಕರು ವಿದ್ಯುತ್ತು ಕೊಟ್ಟರೆ ನಡುಗಿ ದನಿ ಕೊಡುತ್ತದೆ. ತಿರುಗಿಸಿ ನೋಡಿ: ಅದನ್ನು ನಡುಗಿಸಿದರೆ ಅದೇ ವಿದ್ಯುತ್ತು ಕೊಡುತ್ತದೆ. ಅಯಸ್ಕಾಂತ, ಅದರೊಳಗೆ ತಂತಿಯ ಸುರುಳಿ, ಅಷ್ಟೇ. ಕಾಗದದ ನಡುವೆ ತಕ್ಕಡಿಯ ಹಿತ್ತಾಳೆ ತೂಕದ ಬಟ್ಟನ್ನು ಅಂಟಿಸಿದರೆ, ನೆಲ ಮೇಲೆ ಕೆಳಗೆ ಆಡಿದಾಗ ಬಟ್ಟು ತನ್ನ ಭಾರಕ್ಕೆ ಹಿಂದುಳಿಯುತ್ತದೆ, ಸುರುಳಿ ಆಡುತ್ತದೆ. ಬಟ್ಟು ಪಿಸ್ತಾ ತೂಗುವ ಅತಿ ಸಣ್ಣದಕ್ಕಿಂತ ಒಂದು ಅಳತೆ ಮೇಲಿನದು ಇರಲಿ, ಹೆಚ್ಚಾದರೆ ಕಾಗದ ಜೋಲುತ್ತದೆ. ಚಪ್ಪಲಿ ಹೊಲಿಯುವವರ ಅಂಟು ಸಾಕು. ಆ ಸಣ್ಣ ವಿದ್ಯುತ್ತನ್ನು ಎಂಟು ಕಾಲಿನ ಕಪ್ಪು ಬಿಲ್ಲೆಯೊಂದು ದೊಡ್ಡದು ಮಾಡುತ್ತದೆ.

ಮೊದಲ ಪೆಟ್ಟಿಗೆಯನ್ನು ಮೇಲಿನ ಮಗ್ಗದ ಮನೆಯಲ್ಲಿ ಇಟ್ಟಾಗ ಆದದ್ದು ನೆನಪಿದೆಯೇ? ರತ್ನಗಂಬಳಿಯ ನಕ್ಷೆ ಕೂಗುವ ಗುಲಂದಾಮ್ ಒಂದು ಸಾಲಿನ ಬಣ್ಣಗಳನ್ನು ಕೂಗಿ ಮುಗಿಸುತ್ತಾಳೆ, ಹೆಂಗಸರೆಲ್ಲ ಒಂದೇ ಸಲಕ್ಕೆ ಕಬ್ಬಿಣದ ಹಣಿಗೆಯಿಂದ ಸಾಲನ್ನು ಜಡಿಯುತ್ತಾರೆ. ಪ್ರತಿ ಜಡಿತಕ್ಕೂ ಗಂಟೆ. ಗುಲಂದಾಮ್ ನನ್ನನ್ನು ಕರೆದು, "ಇಂಜಿನಿಯರ್ ಸಾಹೇಬ್ರೇ, ನಿಮ್ ಯಂತ್ರಕ್ಕೆ ನಮ್ಮನ್ ಕಂಡ್ರೆ ಭಯ ಕಣ್ರೀ" ಎಂದಳು. ಆಮೇಲೆಯೇ ಎರಡು ಮನೆಗಳ ಉಪಾಯ ಹೊಳೆದದ್ದು. ಒಂದೇ ಮನೆ ನಡುಗಿದರೆ ಅದು ಮನುಷ್ಯರ ಕೆಲಸ, ಬೇರೆ ಬೇರೆ ಎರಡು ಮನೆಗಳು ಒಂದೇ ಉಸಿರಿನಲ್ಲಿ ನಡುಗಿದರೆ ಅದು ನೆಲದ ಕೆಲಸ. ಆಗ ಮಾತ್ರ ಗಂಟೆ. ಆ ರಾತ್ರಿ ಸಂತೋಷಕ್ಕೆ ನನಗೆ ನಿದ್ದೆ ಬರಲಿಲ್ಲ.

ಪುಸ್ತಕದಲ್ಲಿ ಇನ್ನೇನಾದರೂ ಅರ್ಥವಾಗದಿದ್ದರೆ ಕೇಳಿ. ನಿಮ್ಮ ವಯಸ್ಸಿನಲ್ಲಿ ಇಂಥ ಕುತೂಹಲ ನೋಡಿ ನನಗೆ ನಾಚಿಕೆಯಾಗುತ್ತದೆ.

ಖುದಾದಾದ್


ಚಾಹ್‌ಗಜ್, ೨ ಆಜರ್

ಖುದಾದಾದ್,

ಚಳಿ ಶುರುವಾಗಿದೆ. ಸೀಮೆಎಣ್ಣೆಯ ಒಲೆ ಹೊತ್ತಿಸಿದ್ದೇವೆ.

ಪುಸ್ತಕದಲ್ಲಿ ಒಂದು ಕಡೆ ಅರ್ಥವಾಗಲಿಲ್ಲ. ಎಂಟು ಕಾಲಿನ ಕಪ್ಪು ಬಿಲ್ಲೆ ಮುಟ್ಟಿದರೆ ಬೆರಳು ಸುಡುವಷ್ಟು ಕಾಯುತ್ತದೆ, ಆಮೇಲೆ ಕೆಟ್ಟ ವಾಸನೆ ಬರುತ್ತದೆ. ಇದು ಸಹಜವೇ?

ಫರಂಗೀಸ್


ಬಂದರ್ ಲೆಂಗೆ, ೧೦ ಆಜರ್

ಖಾನುಂ,

ಪುಸ್ತಕಗಳಿಂದ ವಾಸನೆ ಬರುವುದಿಲ್ಲ.

ಬಿಲ್ಲೆಯನ್ನು ತಿರುಗಾಮುರುಗಾ ಹಾಕಿದ್ದೀರಿ. ಅದರ ಒಂದು ತುದಿಯಲ್ಲಿ ಉಗುರಿನ ಗುರುತಿನಂಥ ಗುಳಿ ಇದೆ, ಅದು ಎಡಗಡೆ ಬರಬೇಕು. ಸುಟ್ಟದ್ದನ್ನು ಎಸೆದು ಹೊಸದು ಹಾಕಿ. ಇಷ್ಟು ಹೇಳಿ, ಕೈಮುಗಿದು ಇನ್ನೊಂದು ಹೇಳುತ್ತೇನೆ: ನಿಲ್ಲಿಸಿ. ನೀವೂ, ನಿಮ್ಮ ಜತೆ ಇರುವವರು ಯಾರೋ ಅವರೂ. ಕಾರಣ ಕೇಳಬೇಡಿ. ಮಗ್ಗದ ಮನೆಗಳಲ್ಲಂತೂ ಇಡಲೇಬೇಡಿ.

ಖುದಾದಾದ್


ಚಾಹ್‌ಗಜ್, ೨೦ ಆಜರ್

ಖುದಾದಾದ್,

ಗುಳಿ ಎಡಗಡೆ ಬಂತು, ಬಿಲ್ಲೆ ತಣ್ಣಗಿದೆ. ನಿಲ್ಲಿಸುವ ಮಾತಿಗೆ ನಾನು ಕಿವುಡಿ.

ನಿನ್ನಿಂದ ಮುಚ್ಚಿಟ್ಟೆ, ಏಕೆಂದರೆ ನೀನು ಬೇಡವೆನ್ನುತ್ತೀ ಎಂದು ಗೊತ್ತಿತ್ತು. ಮಾಡುತ್ತಿರುವುದು ನಾನು ಮತ್ತು ಗುಲಂದಾಮ್. ಓದುವುದು ನಾನು, ಬೆಸುಗೆ ಅವಳದು. ಎಂಥ ಕೈ ಅದು. ಕೂದಲಿನಷ್ಟು ತಂತಿಯನ್ನು ನೋಡದೆಯೇ ಜೋಡಿಸುತ್ತಾಳೆ, ಬಾಯಿ ಮಾತ್ರ ನನ್ನನ್ನು ಬಯ್ಯುತ್ತಿರುತ್ತದೆ. ತೂಬಾ ತನ್ನ ಗಂಡನ ರೇಡಿಯೋ ಕೊಟ್ಟಳು, ಅವನಿಗೆ ಹೇಳದೆ. ಎರಡು ಪೆಟ್ಟಿಗೆ ಆಯಿತು. ಒಂದು ಮೇಲಿನ ಮಗ್ಗದ ಮನೆಯಲ್ಲಿ, ಒಂದು ಕೆಳಗಿನದರಲ್ಲಿ. ಕಮಾನಿನ ಓಣಿ ದಾಟಿ ತಂತಿ ಎಳೆದೆವು.

ಹಚ್ಚಿದ ಮೊದಲ ಬೆಳಿಗ್ಗೆಯೇ ಗಂಟೆ ಬಾರಿಸಿತು. ಮತ್ತೆ ಬಾರಿಸಿತು. ಪ್ರತಿ ಸಾಲಿಗೂ. ನಿನ್ನ ಎರಡು ಮನೆಗಳ ಉಪಾಯ ಏನಾಯಿತೆಂದು ನಾನು ಪೆಟ್ಟಿಗೆ ಬಿಚ್ಚಲು ಕೂತೆ. ಗುಲಂದಾಮ್ ಬಿಚ್ಚಲಿಲ್ಲ. ಓಣಿಯ ನಡುವೆ ಮುಕ್ಕಾಲಿಯ ಮೇಲೆ, ಎರಡು ಬಾಗಿಲುಗಳ ಮಧ್ಯೆ ಕೂತು ಕೂಗುತ್ತಿದ್ದವಳು ಕೂಗು ನಿಲ್ಲಿಸಿ ಎರಡೂ ಬಾಗಿಲುಗಳತ್ತ ತಿರುಗಿ ನೋಡಿದಳು.

ಮೆಹ್ರ್ ತಿಂಗಳ ಮೊದಲಲ್ಲಿ ಕೆರ್ಮಾನಿನ ವ್ಯಾಪಾರಿ ಜೋಡಿ ರತ್ನಗಂಬಳಿ ಬೇಕೆಂದಿದ್ದ, ನಿನಗೆ ನೆನಪಿರಬೇಕು. ಜೋಡಿ ಎಂದ ಮೇಲೆ ಒಂದೇ ನಕ್ಷೆ, ಒಂದೇ ದನಿ. ಒಂದು ಕಂಬಳಿ ಮೇಲಿನ ಮನೆಯಲ್ಲಿ, ಅದರ ಜತೆಯದು ಕೆಳಗಿನ ಮನೆಯಲ್ಲಿ. ಇವಳು ಓಣಿಯಿಂದ ಒಮ್ಮೆ ಕೂಗಿದರೆ ಎರಡೂ ಮನೆಯ ಹಣಿಗೆಗಳು ಒಂದೇ ಗಳಿಗೆಯಲ್ಲಿ ಬೀಳುತ್ತವೆ. ಜೋಡಿಯ ಮೊದಲ ಸಾಲು ಜಡಿದದ್ದು ಮೆಹ್ರ್ ಹತ್ತರಂದು.

"ಅಯ್ಯೋ ದೇವರೇ, ಆ ಹುಡುಗಿ ಕೈ ಮುರಿದಿದ್ದು ನನ್ ಗಂಟಲು ಖಾನುಂ" ಎಂದಳು. ನಾನು ತಂತಿ, ಬಿಲ್ಲೆ ಎಂದು ಏನೇನೋ ಉಪಾಯ ಹೇಳಿದೆ. ತಲೆ ಅಲ್ಲಾಡಿಸಿದಳು.

"ಯಂತ್ರ ಯಾಕ್ ಬದಲಾಗ್ಬೇಕು? ನಾನು ಕೂಗೋದು ಬದಲಾಯಿಸ್ತೀನಿ. ಮೇಲ್ಮನೆ ಹೊಡೀಲಿ, ಕೆಳಮನೆ ಆಗ ಉಣ್ಣೆ ಕತ್ತರಿಸ್ಲಿ. ಆಮೇಲೆ ಇವ್ರು ಹೊಡೀಲಿ, ಅವ್ರು ಕತ್ತರಿಸ್ಲಿ. ನಲವತ್ತು ಕೈ ನನ್ ಮಾತು ಕೇಳ್ತವೆ, ಎರಡು ಡಬ್ಬಿ ಕೇಳಲ್ವಾ?"

ಅವಳ ಅಜ್ಜಿಯ ಅಜ್ಜಿಯಿಂದ ಬಂದ ಕೂಗು ಅದು. ಎರಡೇ ದಿನದಲ್ಲಿ ಬದಲಾಯಿತು. ಅಂದಿನಿಂದ ಒಂದೂ ಸುಳ್ಳು ಗಂಟೆಯಿಲ್ಲ. ನಾನು ಬಾಗಿಲಲ್ಲಿ ಕೂತು ಕೇಳುತ್ತೇನೆ: ಒಂದು ಮನೆ ಜಡಿಯುತ್ತದೆ, ಇನ್ನೊಂದು ಮನೆಯಲ್ಲಿ ಕತ್ತರಿಗಳ ಸದ್ದು. ಗಂಟೆ ಬಾರಿಸಿದರೆ ಯಾರು ಎತ್ತ ಹೋಗಬೇಕೆಂದೂ ಅಭ್ಯಾಸ ಮಾಡಿಸಿದ್ದಾಳೆ. ಮೇಲಿನವರು ಹಿತ್ತಲ ಹಿಪ್ಪುನೇರಳೆ ಮರದ ಬಯಲಿಗೆ, ಕೆಳಗಿನವರು ಒಣ ಕಾಲುವೆಯ ಕಡೆಗೆ. ಕಮಾನಿನ ಕೆಳಗೆ ಯಾರೂ ನಿಲ್ಲುವಂತಿಲ್ಲ.

ಈಗ ನೇರವಾಗಿ ಕೇಳುತ್ತೇನೆ. ಮಗ್ಗದ ಮನೆಗಳಲ್ಲಂತೂ ಇಡಬೇಡಿ ಎಂದು ಏಕೆ ಬರೆದೆ? ನಿನಗೆ ಗೊತ್ತಿತ್ತೇ?

ಫರಂಗೀಸ್


ಬಂದರ್ ಲೆಂಗೆ, ೨೮ ಆಜರ್

ಖಾನುಂ,

ಗೊತ್ತಿತ್ತು.

ಮೆಹ್ರ್ ಹತ್ತರಂದು ಊರು ಬೀದಿಗೆ ಬಂದ ಕೂಡಲೇ ಗಂಟೆಗಳ ತಂತಿ ಬಿಚ್ಚಿದ್ದೆ. ಹನ್ನೊಂದನೇ ತಾರೀಕು ಬೆಳಿಗ್ಗೆ ಓಣಿಯ ತುದಿಯಲ್ಲಿ ನಿಂತೆ. ಒಂದು ಸಾಲು ಕೇಳುವುದರಲ್ಲಿ ತಿಳಿಯಿತು. ಮಧ್ಯಾಹ್ನ ವಲಯಾಧಿಕಾರಿಯ ಕಚೇರಿಗೆ ಕರೆಸಿದರು. ಕಾರಣ ಕೇಳಿದರು. ಹಣಿಗೆ ಎಂದಿದ್ದರೆ ಮರುದಿನ ಎರಡೂ ಮಗ್ಗದ ಮನೆಗಳ ಬಾಗಿಲಿಗೆ ಮೊಹರು ಬೀಳುತ್ತಿತ್ತು, ವ್ಯಾಪಾರಿ ಜೋಡಿಯನ್ನು ಬೇರೆ ಊರಿಗೆ ಕೊಡುತ್ತಿದ್ದ, ಗುಲಂದಾಮ್ ಹೆಸರು ಕಡತದಲ್ಲಿ ಇರುತ್ತಿತ್ತು. ತಪ್ಪು ನನ್ನೊಬ್ಬನದು, ಇನ್ನು ಮುಂದೆ ಇಂಥದ್ದನ್ನು ಮಾಡುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಟ್ಟೆ. ವರ್ಗದ ಆದೇಶ ಅದೇ ಸಂಜೆ ಬಂತು. ಸಮುದ್ರದ ಗಾಳಿ ನಾನು ಕೇಳಿದ್ದಲ್ಲ.

ನೀವು ನನ್ನನ್ನು ಹೇಡಿ ಎಂದುಕೊಂಡಿರಿ. ಅದು ಹಾಗೇ ಇದ್ದರೆ ಎಲ್ಲರಿಗೂ ಕ್ಷೇಮ ಎಂದು ಸುಮ್ಮನಿದ್ದೆ.

ಆದರೆ ಖಾನುಂ, ಆ ಉಪಾಯ! ನಾನು ಇಲ್ಲಿ ಎರಡು ತಿಂಗಳಿಂದ ಕಾಗದದ ಮೇಲೆ ಸರ್ಕ್ಯೂಟು ಬರೆದು ಹರಿದು ಹಾಕುತ್ತಿದ್ದೇನೆ. ಮೂರನೇ ಪೆಟ್ಟಿಗೆಯ ಸಾಕ್ಷಿ, ಸೋಸುವ ಸುರುಳಿ, ತಡಮಾಡುವ ಬಿಲ್ಲೆ. ಕೂಗನ್ನೇ ತಿದ್ದಬಹುದು ಎಂದು ಒಂದು ಸಲವೂ ಹೊಳೆಯಲಿಲ್ಲ. ನಿಮ್ಮ ಪತ್ರವನ್ನು ಜೋರಾಗಿ ಓದಿದೆ, ಒಬ್ಬನೇ. ಗುಲಂದಾಮ್‌ಗೆ ನನ್ನ ಸಲಾಮು ಹೇಳಿ. ಅವಳ ಬೆಸುಗೆ ನನ್ನದಕ್ಕಿಂತ ಚೆನ್ನಾಗಿದೆ ಎಂದು ಹೇಳಬೇಡಿ, ತಲೆಯ ಮೇಲೆ ಕೂರುತ್ತಾಳೆ.

ನಿಲ್ಲಿಸಿ ಎಂದದ್ದನ್ನು ಹಿಂತೆಗೆದುಕೊಂಡೆ. ಆರೋಗ್ಯ ಕೇಂದ್ರಕ್ಕೂ ಒಂದು ಗಂಟೆ ಎಳೆಯಿರಿ. ತಂತಿ ನಾನು ಕಳಿಸುತ್ತೇನೆ.

ಖುದಾದಾದ್


ಬಂದರ್ ಲೆಂಗೆ, ೪ ದೇ

ಖಾನುಂ,

ನಿನ್ನೆ ಮಧ್ಯಾಹ್ನದ ರೇಡಿಯೋದಲ್ಲಿ ಚಾಹ್‌ಗಜ್ ಹೆಸರು ಬಂತು. ಆಗಿನಿಂದ ಸ್ವಿಚ್‌ಬೋರ್ಡಿನ ಮುಂದೆಯೇ ಕೂತಿದ್ದೇನೆ. ಇಡೀ ಕರಾವಳಿಯ ಮಾತು ನನ್ನ ಕೈಯಲ್ಲಿದೆ, ನಿಮ್ಮೂರಿನ ಒಂದು ಫೋನನ್ನೂ ಯಾರೂ ಎತ್ತುತ್ತಿಲ್ಲ. ಆರೋಗ್ಯ ಕೇಂದ್ರದ ತಂತಿಯ ಸುರುಳಿ ನನ್ನ ಮೇಜಿನ ಮೇಲಿದೆ, ಅಂಚೆಗೆ ಹಾಕಿರಲಿಲ್ಲ. ಒಂದು ಸಾಲು ಬರೆಯಿರಿ. ಯಾರ ಕೈಯಲ್ಲಾದರೂ ಬರೆಸಿ.


ಚಾಹ್‌ಗಜ್, ೧೪ ದೇ

ಖುದಾದಾದ್,

ಬದುಕಿದ್ದೇನೆ. ಗುಡಾರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಅದು ಚಳಿ.

ಮೂರನೇ ತಾರೀಕು, ಹೊತ್ತು ಮಾರುದ್ದ ಏರಿತ್ತು. ಮೇಲಿನ ಮನೆ ಜಡಿದು ಮುಗಿಸಿತ್ತು, ಕೆಳಗಿನ ಮನೆಗೆ ಗುಲಂದಾಮ್ ಇನ್ನೂ ಕೂಗಿರಲಿಲ್ಲ. ಯಾವ ಹಣಿಗೆಯೂ ಆಡದ ಹೊತ್ತಿನಲ್ಲಿ ಗಂಟೆ ಬಾರಿಸಿತು. ಅವಳು ಕಿರುಚಲಿಲ್ಲ. ಬಣ್ಣ ಕೂಗುವ ರಾಗದಲ್ಲೇ ಕೂಗಿದಳು: "ಕೈ ಬಿಡಿ, ಹೊರಗೆ. ಮೇಲ್ಮನೆ ಮರಕ್ಕೆ, ಕೆಳಮನೆ ಕಾಲುವೆಗೆ." ಆ ದನಿಗೆ ಕೈಕಾಲು ತಾವಾಗಿಯೇ ಎದ್ದವು. ಕೊನೆಯವಳು ಹೊಸ್ತಿಲು ದಾಟಿದ ಮೇಲೆ ಭಾರಿ ಅಲೆ ಬಂತು. ಮೇಲಿನ ಮನೆಯ ಮಣ್ಣಿನ ಸೂರು ಮಗ್ಗದ ಮೇಲೆ ಕೂತಿತು. ಓಣಿಯ ಕಮಾನು ಬಿತ್ತು. ಎರಡೂ ಮನೆಯ ಹೆಂಗಸರಲ್ಲಿ ಒಬ್ಬಳಿಗೂ ಗೀರು ಕೂಡ ಇಲ್ಲ. ಹಿಪ್ಪುನೇರಳೆಯ ಬುಡದಲ್ಲಿ ನಿಂತ ಮೇಲಿನ ಮನೆಯವರೆಲ್ಲ ಕೈಯಲ್ಲಿ ಉಣ್ಣೆಯ ಎಳೆ ಹಿಡಿದಿದ್ದರು, ಬಿಡಲು ಮರೆತಿದ್ದರು. ನೀನು ಇದನ್ನು ನೋಡಬೇಕಿತ್ತು. ನಿನ್ನ ವಿದ್ಯೆಯೂ ಅವಳ ಗಂಟಲೂ ಸೇರಿ ಮಾಡಿದ ಕೆಲಸ ಅದು.

ಶಾಲೆಯ ಹೊಸ ಕಟ್ಟಡ ಬಿರುಕು ಬಿಟ್ಟು ನಿಂತಿತು. ಆರೋಗ್ಯ ಕೇಂದ್ರ ನಿಲ್ಲಲಿಲ್ಲ. ತೂಬಾ ಹೆರಿಗೆ ಕೋಣೆಯಲ್ಲಿ ಒಬ್ಬಳೇ ಇದ್ದಳು, ಮಧ್ಯಾಹ್ನಕ್ಕೆ ಬರುವವಳಿಗೆ ನೀರು ಕಾಯಿಸುತ್ತಿದ್ದಳು. ಈ ಊರಿನ ಅರ್ಧ ಜನರನ್ನು ಬೆಳಕಿಗೆ ತಂದವಳನ್ನು ಸಂಜೆ ಮಣ್ಣಿನಿಂದ ತೆಗೆದೆವು. ಉಳಿದ ಒಂದು ಗೋಡೆಯಲ್ಲಿ ನಿನ್ನ ಪೆಟ್ಟಿಗೆ ತೂಗುಹಾಕಿದ್ದ ಮೊಳೆ ಹಾಗೇ ಇದೆ.

ಗಂಟೆ ಇದ್ದಿದ್ದರೆ ಅವಳು ಉಳಿಯುತ್ತಿದ್ದಳು ಎಂದು ನಾನು ಆಣೆ ಮಾಡಲಾರೆ. ಬಾಗಿಲು ಅವಳಿಂದ ಆರು ಹೆಜ್ಜೆ ಇರಬಹುದು, ಕಾಲು ಗಟ್ಟಿಯಿತ್ತು. ಅಷ್ಟನ್ನೇ ಹೇಳಬಲ್ಲೆ. ತಂತಿಯ ಸುರುಳಿಯ ಬಗ್ಗೆ ನಿನ್ನನ್ನು ನೀನು ಹಳಿದುಕೊಳ್ಳಬೇಡ. ನೀನು ಅಲ್ಲಿ ಗಂಟೆ ಇಟ್ಟಿದ್ದೆ. ತೆಗೆದವರು ಬೇರೆ.

ವಲಯಾಧಿಕಾರಿ ಐದನೇ ತಾರೀಕು ಬಂದ. ಕಂಬಳಿ ತಂದ, ಫೋಟೋದವನನ್ನೂ ತಂದ. ಗುಲಂದಾಮ್‌ಳ ಸಮಯಪ್ರಜ್ಞೆಯನ್ನು ಹೊಗಳಿದ. ಅವಳು, "ಸಮಯ ನಂಗೆ ಹೇಳಿದ್ದು ಡಬ್ಬಿ ಸ್ವಾಮಿ. ಅದರ ಅಣ್ಣಂದಿರು ಐದು ಜನ ನಿಮ್ ಕಪಾಟಲ್ಲಿ ಕೂತವ್ರೆ" ಎಂದಳು. ಫೋಟೋದವನು ಅದನ್ನು ಬರೆದುಕೊಳ್ಳಲಿಲ್ಲ. ಮಾರನೆಯ ದಿನ ಒಬ್ಬ ಗುಮಾಸ್ತ ಬಂದು, ಅವಶೇಷದಲ್ಲಿ ಸಿಕ್ಕ ಎರಡು ಪೆಟ್ಟಿಗೆಗಳನ್ನು ಒಪ್ಪಿಸಿ ಎಂದ. ಹೆಂಗಸರು ಸುತ್ತ ನಿಂತರು, ಅವನು ವಾಪಸ್ ಹೋದ.

ಬಹ್ಮನ್ ತಿಂಗಳ ಹದಿಮೂರಕ್ಕೆ ತೂಬಾಳ ನಲವತ್ತನೇ ದಿನ. ಮಸೀದಿಯ ಮುಂದಿನ ಬಯಲಿನಲ್ಲಿ ಊರು ಸೇರುತ್ತದೆ, ವಲಯಾಧಿಕಾರಿಯೂ ಬರಲೇಬೇಕು. ಕುರಾನ್ ಪಾರಾಯಣ ಮುಗಿದ ಮೇಲೆ ನಾನು ಎದ್ದು ನಿಂತು ಓದುವುದು ಇಷ್ಟು. ಗುಲಂದಾಮ್‌ಳೂ ಎರಡು ಮನೆಯ ಹೆಂಗಸರೂ ಇದಕ್ಕೆ ಹೆಬ್ಬೆಟ್ಟು ಒತ್ತಿದ್ದಾರೆ. ಇದನ್ನು ಓದಿದ ಮೇಲೆ ನಿನ್ನ ಮುಚ್ಚಳಿಕೆಯ ಸತ್ಯವನ್ನೂ ಹೇಳಬೇಕೆಂದು ಗುಲಂದಾಮ್ ತಾನಾಗಿಯೇ ಹೇಳಿದಳು, ತನ್ನ ಹೆಸರು ಬಂದರೂ ಚಿಂತೆಯಿಲ್ಲವಂತೆ. ನೀನು ಬೇಡವೆಂದರೂ ಓದುತ್ತೇನೆ, ಬೇಕೆಂದರೆ ಬಂದು ಪಕ್ಕದಲ್ಲಿ ನಿಲ್ಲು.

"ವಲಯಾಧಿಕಾರಿಗಳೇ, ಮೆಹ್ರ್ ಹದಿನೈದರಂದು ಆರೋಗ್ಯ ಕೇಂದ್ರದ ಗೋಡೆಯಿಂದ ಗಂಟೆಯನ್ನು ತೆಗೆಯಲು ಹೇಳಿದವರು ಯಾರು? ಅವರ ಹೆಸರೇನು? ತೆಗೆಯುವ ಮೊದಲು ಅದನ್ನು ಬಲ್ಲವರನ್ನು ಒಬ್ಬರನ್ನಾದರೂ ಕೇಳಿದಿರಾ? ಅದು ಸುಳ್ಳಾಗಿ ಬಾರಿಸಿದ್ದು ಏಕೆಂದು ಈ ಊರಿನ ಹೆಂಗಸರು ಒಂದು ಬೆಳಿಗ್ಗೆಯಲ್ಲಿ ಕಂಡುಹಿಡಿದು ಎರಡು ದಿನದಲ್ಲಿ ಸರಿಪಡಿಸಿದರು. ನಿಮ್ಮ ಕಚೇರಿ ಎರಡೂವರೆ ತಿಂಗಳು ಅದರ ಮೇಲೆ ಹೂದಾನಿ ಇಟ್ಟುಕೊಂಡಿತ್ತು. ಮುಚ್ಚಿದ ಲಕೋಟೆಯ ಉತ್ತರ ನಮಗೆ ಬೇಡ, ಕಚೇರಿಗೆ ಕರೆದು ಚಹಾ ಕೊಟ್ಟು ಹೇಳುವ ಉತ್ತರವೂ ಬೇಡ. ತೂಬಾಳ ಮಕ್ಕಳು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಇಲ್ಲೇ, ಈಗಲೇ, ಅವರಿಗೆ ಕೇಳಿಸುವ ಹಾಗೆ ಹೇಳಿ."